ಮನೆಯವರು ಬೇಡ ಅಂದಾಗ ಉದ್ಯಮ ಶುರು ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸದಾಗಿ ಉದ್ಯಮಕ್ಕೆ ಇಳಿಯುವವರ ತರಬೇತಿಗಳಲ್ಲಿ ಪಾಠ ಹೇಳುತ್ತೇನೆ. ತರಗತಿಯೊಳಗೆ ಸಬ್ಸಿಡಿ ಬಗ್ಗೆ ಕೇಳಿದವರೇ ಚಹಾದ ಹೊತ್ತಿಗೆ ಪಕ್ಕಕ್ಕೆ ಕರೆದು ಅಪ್ಪನ ಬಗ್ಗೆ, ಗಂಡನ ಬಗ್ಗೆ, ಅತ್ತೆಯ ಬಗ್ಗೆ ಕೇಳುತ್ತಾರೆ. ಆಮೇಲೆ ಫೋನ್ ಬರುತ್ತದೆ, ಪತ್ರ ಬರುತ್ತದೆ, ಅದರಲ್ಲೂ ಅದೇ ವಿಷಯ. ಹಾಗೆ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನ ಧಾಟಿಯಲ್ಲೇ ಇಲ್ಲಿ ಒಟ್ಟು ಮಾಡಿದ್ದೇನೆ. ಸರ್ಕಾರಿ ಯೋಜನೆಗಳ ಷರತ್ತುಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ಮುಂಚೆ ನಿಮ್ಮ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿಕೊಳ್ಳಿ.

## ಮನೆಯಲ್ಲಿ ಮೊದಲ ಮಾತು

"ಬಿಸಿನೆಸ್ ಅಂದ ಕೂಡ್ಲೇ ಮನೇಲಿ ಜಗಳ ಶುರುವಾಗುತ್ತೆ. ಯಾಕೆ ಇಷ್ಟೊಂದು ವಿರೋಧ?"

ಹೊರಗೆ ಕೇಳುವುದು ಒಂದೇ "ಬೇಡ". ಒಳಗಿರುವ ಭಯ ಮಾತ್ರ ಒಬ್ಬೊಬ್ಬರದು ಒಂದೊಂದು. ಅಪ್ಪನಿಗೆ ಮನೆಯ ಪತ್ರ ಬ್ಯಾಂಕಿಗೆ ಹೋಗುತ್ತದೆಂಬ ಭಯ. ಅಮ್ಮನಿಗೆ ಮಗನ ಮದುವೆ ನಿಂತುಹೋಗುತ್ತದೆಂಬ ಭಯ. ಹೆಂಡತಿಗೆ ಮಕ್ಕಳ ಶಾಲೆ ಫೀಸಿನ ಚಿಂತೆ. ಅಣ್ಣನಿಗೆ, ನೀವು ಸೋತರೆ ಅಪ್ಪ ಅಮ್ಮನ ಭಾರ ಪೂರ್ತಿ ತನ್ನ ಮೇಲೆ ಬೀಳುತ್ತದೆಂಬ ಲೆಕ್ಕಾಚಾರ. ಇದರ ಹಿಂದೆ ಬಹಳಷ್ಟು ಸಲ ಒಂದು ಹಳೇ ಕಥೆಯೂ ಇರುತ್ತದೆ: ಅಂಗಡಿ ಇಟ್ಟು ಮುಳುಗಿದ ಚಿಕ್ಕಪ್ಪ, ಜಾಮೀನು ಹಾಕಿ ಜಮೀನು ಕಳೆದುಕೊಂಡ ಸೋದರಮಾವ.

ಒಬ್ಬೊಬ್ಬರನ್ನೇ ಬೇರೆ ಬೇರೆಯಾಗಿ ಕೂರಿಸಿಕೊಂಡು ಕೇಳಿ: "ಏನಾಗಿಬಿಡುತ್ತೆ ಅಂತ ನಿಮಗೆ ಭಯ?" ಉತ್ತರ ಬಂದಾಗ ವಾದ ಮಾಡಬೇಡಿ, ಬರೆದುಕೊಳ್ಳಿ. ಮನೆ ಪತ್ರದ ಭಯಕ್ಕೆ ಅಡಮಾನವಿಲ್ಲದ ಸಾಲದಲ್ಲಿ ಉತ್ತರವಿದೆ, ಫೀಸಿನ ಚಿಂತೆಗೆ ಬೇರೆ ಖಾತೆಯಲ್ಲಿ ತೆಗೆದಿಟ್ಟ ದುಡ್ಡಿನಲ್ಲಿ ಉತ್ತರವಿದೆ. ಎಲ್ಲರಿಗೂ ಸೇರಿಸಿ "ನನ್ನ ಮೇಲೆ ನಂಬಿಕೆ ಇಡಿ" ಎಂದರೆ ಯಾರ ಭಯವೂ ಕಡಿಮೆಯಾಗುವುದಿಲ್ಲ.

"ಮನೆಯವರ ವಿರೋಧ ಕಟ್ಟಿಕೊಂಡು ಗೆದ್ದವರು ನಿಜವಾಗ್ಲೂ ಇದಾರಾ, ಇಲ್ಲ ಎಲ್ಲಾ ಸ್ಟೋರಿನಾ?"

ಇದ್ದಾರೆ. ಗದಗಿನ ವಿಜಯ ಸಂಕೇಶ್ವರರ ಮನೆತನದ ಕಸುಬು ಪುಸ್ತಕ ಮುದ್ರಣ ಮತ್ತು ಪ್ರಕಾಶನ. ಅದನ್ನು ಬಿಟ್ಟು ಲಾರಿ ವ್ಯವಹಾರಕ್ಕೆ ಇಳಿಯುವುದು ಮನೆಯವರಿಗೆ ಹಿಡಿಸಿರಲಿಲ್ಲ. 1976ರಲ್ಲಿ ಒಂದೇ ಲಾರಿಯಿಂದ ಶುರು ಮಾಡಿ, 1978ರಲ್ಲಿ ಹುಬ್ಬಳ್ಳಿಗೆ ನೆಲೆ ಬದಲಿಸಿದರು. ಅದೇ ಮುಂದೆ ವಿಆರ್‌ಎಲ್ ಆಯಿತು. ವ್ಯಾಪಾರ ಗೊತ್ತಿರುವ ಮನೆಯಲ್ಲೂ ವಿರೋಧ ಬರುತ್ತದೆ ಎನ್ನುವುದಕ್ಕೆ ಇದು ಒಳ್ಳೆಯ ಉದಾಹರಣೆ.

ಬೇರೆ ಥರದ ಕಥೆಗಳೂ ಇವೆ, ಅವನ್ನೂ ನೋಡಬೇಕು. ಕಿರಣ್ ಮಜುಂದಾರ್ ಷಾ 1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ 10,000 ರೂಪಾಯಿ ಬಂಡವಾಳದಿಂದ ಬಯೋಕಾನ್ ಶುರು ಮಾಡಿದಾಗ ಅಪ್ಪ ಬೆನ್ನಿಗಿದ್ದರು, ಅನುಮಾನ ಪಟ್ಟಿದ್ದು ಬ್ಯಾಂಕಿನವರು. ಇನ್ಫೋಸಿಸ್‌ಗೆ 1981ರಲ್ಲಿ ನಾರಾಯಣ ಮೂರ್ತಿಯವರಿಗೆ ಸಿಕ್ಕ ಮೊದಲ 10,000 ರೂಪಾಯಿ ಹೆಂಡತಿ ಸುಧಾ ಮೂರ್ತಿಯವರ ಉಳಿತಾಯದ್ದು. ಅಂದರೆ ಯಾರೋ ಒಬ್ಬರು ಮನೆಯನ್ನೋ ಹಣವನ್ನೋ ಹಿಡಿದು ನಿಂತಿರುತ್ತಾರೆ. ನಿಮ್ಮ ಮನೆಯಲ್ಲಿ ಅಂಥವರು ಯಾರಾಗಬಹುದು ಎಂದು ಹುಡುಕಿ. ಎಲ್ಲರೂ ಒಪ್ಪುವವರೆಗೆ ಕಾಯುವ ಅಗತ್ಯವಿಲ್ಲ, ಒಬ್ಬರು ಒಪ್ಪಿದರೂ ದಾರಿ ಸುಮಾರು ಹಗುರಾಗುತ್ತದೆ.

"ಕೆಲಸ ಬಿಟ್ಟೇ ಶುರು ಮಾಡ್ಬೇಕಾ?"

ಬೇಡ, ಅದರಲ್ಲೂ ಮನೆಯಲ್ಲಿ ವಿರೋಧ ಇದ್ದಾಗ ಖಂಡಿತ ಬೇಡ. ಶನಿವಾರ ಭಾನುವಾರಗಳಲ್ಲಿ ಸಣ್ಣ ಪ್ರಮಾಣದಲ್ಲಿ ಮಾಡಿ, ದುಡ್ಡು ಕೊಟ್ಟು ಕೊಳ್ಳುವ ಅಪರಿಚಿತ ಗಿರಾಕಿಗಳು ಎರಡನೇ ಸಲ ಬರುತ್ತಾರೋ ನೋಡಿ. ನೆಂಟರಿಷ್ಟರ ಆರ್ಡರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅವರು ನಿಮ್ಮ ಮುಖ ನೋಡಿ ಕೊಂಡಿರುತ್ತಾರೆ.

ರಾಜೀನಾಮೆಯ ದಿನಾಂಕವನ್ನೂ ಲೆಕ್ಕ ಹಾಕಿಯೇ ಗೊತ್ತುಮಾಡಿ. ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಸತತ 5 ವರ್ಷದ ಸೇವೆ ಬೇಕು. ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆಯಲ್ಲಿ ಮುಂದೆ ಮಾಸಿಕ ಪಿಂಚಣಿ ಬರಬೇಕಾದರೆ 10 ವರ್ಷದ ಸೇವೆ ಆಗಿರಬೇಕು. ಒಂಬತ್ತು ವರ್ಷಕ್ಕೆ ಆತುರಪಟ್ಟು ಬಿಟ್ಟುಬಂದವರನ್ನು ನೋಡಿ ನನಗೆ ನಿಜಕ್ಕೂ ಸಂಕಟವಾಗಿದೆ. ಕಂಪನಿಯ ಆರೋಗ್ಯ ವಿಮೆಯಲ್ಲಿ ಅಪ್ಪ ಅಮ್ಮ ಇದ್ದರೆ, ಬಿಡುವ ಮುಂಚೆಯೇ ಬೇರೆ ಪಾಲಿಸಿ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಮನೆ ಕಟ್ಟುವ ಸಾಲ ಬೇಕಿದ್ದರೆ ಅದೂ ಸಂಬಳ ಬರುವಾಗಲೇ ಸುಲಭ, ಸ್ವಂತ ಉದ್ಯೋಗದವರಿಗೆ ಬ್ಯಾಂಕುಗಳು ಕೆಲವು ವರ್ಷಗಳ ಆದಾಯ ತೆರಿಗೆ ರಿಟರ್ನ್ ಕೇಳುತ್ತವೆ.

ಸರ್ಕಾರಿ ನೌಕರರಿಗೆ ಒಂದು ಮಾತು: ಅನುಮತಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ ಎಂದು ನಡತೆ ನಿಯಮಗಳೇ ಹೇಳುತ್ತವೆ. ಖಾಸಗಿ ಕಂಪನಿಯವರು ನೇಮಕಾತಿ ಪತ್ರದಲ್ಲಿ ಬೇರೆ ವ್ಯವಹಾರದ ಬಗ್ಗೆ ಏನಿದೆ ಎಂದು ಓದಿಕೊಳ್ಳಿ.

"ಮನೇಲಿ ಹೇಳದೇ ಶುರು ಮಾಡಿ, ಗೆದ್ದ ಮೇಲೆ ಹೇಳಿದ್ರೆ ಆಗಲ್ವಾ?"

ಪ್ರಯೋಗವನ್ನು ಹೇಳದೆ ಮಾಡಬಹುದು, ಸಾಲವನ್ನು ಹೇಳದೆ ಮಾಡಬಾರದು. ಸಾಲದ ವಿಷಯ ಬೇರೆಯವರ ಬಾಯಿಂದ ಮನೆಗೆ ಗೊತ್ತಾದ ದಿನ ವ್ಯಾಪಾರ ಚೆನ್ನಾಗಿ ನಡೆಯುತ್ತಿದ್ದರೂ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

## ಲೆಕ್ಕ ಮತ್ತು ಮರ್ಯಾದೆ

"ನಮ್ಮಪ್ಪಗ ಹೆಂಗ ತಿಳಿಸಿ ಹೇಳ್ಬೇಕ್ರಿ? ಗಾಣದ ಎಣ್ಣಿ ಮಾಡ್ತೀನಿ ಅಂದ್ರ ತಲಿ ಕೆಟ್ಟೈತೇನ ಅಂತಾರ."

ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿರಿ. ಲ್ಯಾಪ್‌ಟಾಪಿನ ಪ್ರೆಸೆಂಟೇಶನ್ ಬೇಡ, ಅಪ್ಪನಿಗೆ ಓದಲು ಬರುವ ಹಾಗೆ ಕನ್ನಡದಲ್ಲಿ, ಕೈಬರಹದಲ್ಲಿ ಇರಲಿ. ಶೇಂಗಾ ಬೆಳೆದ ಮನೆಯಾದರೆ ಅವರಿಗೆ ನಿಮಗಿಂತ ಚೆನ್ನಾಗಿ ದರ ಗೊತ್ತು. ಆ ಜಾಗವನ್ನು ಖಾಲಿ ಬಿಟ್ಟು ಅವರಿಂದಲೇ ತುಂಬಿಸಿ.

ಲೆಕ್ಕ ಹೀಗಿರುತ್ತದೆ (ದರಗಳು ಉದಾಹರಣೆಗೆ ಹಿಡಿದವು, ನಿಮ್ಮೂರ ದರ ಹಾಕಿಕೊಳ್ಳಿ). ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಕೆಜಿಗೆ 120 ರೂಪಾಯಿ ಹಿಡಿದರೆ 300 ರೂಪಾಯಿ. ಅದರಿಂದ ಸಿಗುವ ಹಿಂಡಿ ಸುಮಾರು 1.4 ಕೆಜಿ, ದನದ ಮೇವಿಗೆ ಕೆಜಿಗೆ 40ರಂತೆ ಮಾರಿದರೆ 56 ರೂಪಾಯಿ ವಾಪಸ್. ಉಳಿದದ್ದು 244. ಬಾಟಲಿ, ಲೇಬಲ್, ಮುಚ್ಚಳಕ್ಕೆ 15, ಕರೆಂಟು ಕೂಲಿಗೆ 25. ಒಟ್ಟು 284. ನೇರವಾಗಿ ಗಿರಾಕಿಗೆ 340ಕ್ಕೆ ಕೊಟ್ಟರೆ ಲೀಟರಿಗೆ 56 ಉಳಿಯುತ್ತದೆ. ಅಂಗಡಿಯವರ ಮೂಲಕ ಮಾರಿ ಶೇಕಡಾ 10 ಕಮಿಷನ್ ಕೊಟ್ಟರೆ ಉಳಿಯುವುದು 22 ಮಾತ್ರ.

ಈಗ ಬಾಡಿಗೆ 12,000, ಸಾಲದ ಕಂತು 9,000, ಒಟ್ಟು 21,000 ಎಂದಿಟ್ಟುಕೊಳ್ಳಿ. ನೇರ ಮಾರಾಟವಾದರೆ ತಿಂಗಳಿಗೆ 375 ಲೀಟರ್ ಮಾರಿದಾಗ ಈ ಖರ್ಚು ಹುಟ್ಟುತ್ತದೆ. ಅಂಗಡಿಗಳ ಮೂಲಕವಾದರೆ 955 ಲೀಟರ್ ಬೇಕು. ಇದರಲ್ಲಿ ನಿಮ್ಮ ಸಂಬಳ ಇನ್ನೂ ಸೇರಿಲ್ಲ. ತಿಂಗಳಿಗೆ ಎರಡು ಲೀಟರ್ ಕೊಳ್ಳುವ ಮನೆಗಳಾದರೆ 188 ಮನೆ ಬೇಕು. ಆ ಮನೆಗಳು ಯಾವ ಓಣಿಯಲ್ಲಿವೆ? ಅಂಗಡಿಯ 120 ರೂಪಾಯಿಯ ಪ್ಯಾಕೆಟ್ ಎಣ್ಣೆ ಬಿಟ್ಟು ನಿಮ್ಮದನ್ನು ಯಾಕೆ ಕೊಳ್ಳುತ್ತಾರೆ? ಅಪ್ಪ ಇವೇ ಪ್ರಶ್ನೆ ಕೇಳುತ್ತಾರೆ, ಕೇಳಲಿ. ಅವರು ಬೈಯುವುದು ಬಿಟ್ಟು ಲೆಕ್ಕದಲ್ಲಿ ತಪ್ಪು ಹುಡುಕಲು ಶುರು ಮಾಡಿದರೆಂದರೆ ಅರ್ಧ ಕೆಲಸ ಆದಂತೆ. ಲೆಕ್ಕ ಕೂಡದೇ ಹೋದರೆ ಅವರ ವಿರೋಧವೇ ಸರಿ ಇತ್ತು ಎಂದು ಒಪ್ಪಿಕೊಂಡು ಬೇರೆ ಸರಕು ಹುಡುಕಬೇಕು. ನಾನು ಕಂಡ ಹಲವು ಮನೆಗಳಲ್ಲಿ ಹಿರಿಯರು ಹೇಳಿದ್ದು ಒರಟಾಗಿತ್ತು, ವಿಷಯ ಮಾತ್ರ ಸರಿಯಾಗಿತ್ತು.

ಹಾಳೆಯ ಕೆಳಗೆ ಇನ್ನೆರಡು ಸಾಲು ಬರೆಯಿರಿ: ಈ ಉದ್ಯಮಕ್ಕೆ ಹೆಚ್ಚೆಂದರೆ ಎಷ್ಟು ದುಡ್ಡು ಹಾಕುತ್ತೇನೆ, ಯಾವ ದಿನಾಂಕದೊಳಗೆ ಖರ್ಚು ಹುಟ್ಟದಿದ್ದರೆ ನಿಲ್ಲಿಸುತ್ತೇನೆ. ಸಹಿ ಹಾಕಿ ಅವರ ಕೈಗೇ ಕೊಡಿ.

"ಇಂಜಿನಿಯರಿಂಗ್ ಓದಿ ರೊಟ್ಟಿ ಮಾರ್ತೀಯಾ ಅಂತ ಸಂಬಂಧಿಕರೆಲ್ಲ ಆಡ್ಕೋತಾರೆ. ಅಮ್ಮನಿಗೆ ತಲೆ ಎತ್ತಕ್ಕಾಗ್ತಿಲ್ವಂತೆ."

ಈ ನೋವು ನಿಜವಾದದ್ದು. "ಜನರ ಮಾತು ಬಿಡಿ" ಎಂದು ಅಮ್ಮನಿಗೆ ಹೇಳುವುದು ಸುಲಭ, ಮದುವೆ ಮುಂಜಿಗೆ ಹೋಗಿ ಆ ಮಾತು ಕೇಳಿಸಿಕೊಳ್ಳುವವರು ಅವರೇ. ಅವರಿಗೆ ಹೇಳಿಕೊಳ್ಳಲು ಏನಾದರೂ ಕೊಡಿ. ಉತ್ತರ ಕರ್ನಾಟಕದ ಖಡಕ್ ಜೋಳದ ರೊಟ್ಟಿ ಇಂದು ಊರೂರು ದಾಟಿ ಮಾರಾಟವಾಗುವ ಸರಕು. ಒಂದು ಹೆಸರು, ಒಂದು ಲೇಬಲ್, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿಯ ನೋಂದಣಿ ಸಂಖ್ಯೆ, ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ಪ್ರಮಾಣಪತ್ರ ಇಷ್ಟಿದ್ದರೆ "ರೊಟ್ಟಿ ಮಾರ್ತಾನೆ" ಎನ್ನುವ ಬಾಯೇ "ರೊಟ್ಟಿ ಫ್ಯಾಕ್ಟರಿ ಇಟ್ಟಿದಾನೆ" ಎನ್ನುತ್ತದೆ.

ಇನ್ನೊಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಕಟಿಂಗ್ ಶಾಪ್, ಚಪ್ಪಲಿ ಅಂಗಡಿ, ಮಾಂಸದ ಅಂಗಡಿ, ಲಾಂಡ್ರಿ ಎಂದಾಗ ಬರುವ ವಿರೋಧದೊಳಗೆ ಜಾತಿ ಇರುತ್ತದೆ. "ನಮ್ಮೋರು ಇಂಥ ಕೆಲಸ ಮಾಡೋದಾ" ಎಂದು ಕೆಲವು ಮನೆಗಳಲ್ಲಿ, "ಮತ್ತೆ ಅದೇ ಕಸುಬಿಗೆ ಹೋಗ್ಬೇಡ, ನಿನ್ನನ್ನ ಓದಿಸಿದ್ದೇ ಅದನ್ನ ಬಿಡಿಸೋಕೆ" ಎಂದು ಇನ್ನು ಕೆಲವು ಮನೆಗಳಲ್ಲಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಎರಡನೆಯದರ ಹಿಂದೆ ತಲೆಮಾರುಗಳ ಅವಮಾನ ಇದೆ. ಅದನ್ನು ಮೊದಲು ಪೂರ್ತಿ ಕೇಳಿಸಿಕೊಳ್ಳಿ. ಮೊದಲನೆಯದಕ್ಕೆ ನನ್ನಲ್ಲಿ ಸಹಾನುಭೂತಿ ಇಲ್ಲ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ ಎಂದು ಕಾಯಕವನ್ನು ಹೆಸರಿನಲ್ಲೇ ಹೊತ್ತವರನ್ನು ಎಂಟುನೂರು ವರ್ಷಗಳಿಂದ ಪೂಜಿಸುತ್ತಿರುವ ನಾಡು ಇದು.

"ಸ್ವಂತ ಬಿಸಿನೆಸ್ ಅಂದ್ರೆ ಹೆಣ್ಣು ಕೊಡೋರು ಯಾರು ಅಂತಾರೆ. ಮದುವೆ ಆದ್ಮೇಲೆ ಶುರು ಮಾಡ್ಲಾ?"

ಸಂಬಳದ ಹುಡುಗ ಎಂದು ಹೇಳಿ ಮದುವೆಯಾಗಿ ಆರು ತಿಂಗಳಿಗೆ ಕೆಲಸ ಬಿಡುವುದು ಆ ಹುಡುಗಿಗೆ ಮಾಡುವ ಮೋಸ. ವಿಚಾರ ಇದ್ದರೆ ನೋಡಲು ಹೋದ ದಿನವೇ ಹೇಳಿ. ಕೆಲವು ಸಂಬಂಧ ತಪ್ಪುತ್ತವೆ, ತಪ್ಪಲಿ. ಶುರು ಮಾಡಿಯಾಗಿದ್ದರೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸುತ್ತಾ ಬನ್ನಿ, ತೆರಿಗೆ ಬೀಳದಿದ್ದರೂ ಸರಿ. ಹೆಣ್ಣಿನ ಕಡೆಯವರಿಗೂ ಬ್ಯಾಂಕಿನವರಿಗೂ ತೋರಿಸಲು ಅದಕ್ಕಿಂತ ಗಟ್ಟಿ ಕಾಗದ ಇಲ್ಲ.

## ಸಾಲ, ಸಹಿ, ಆಸ್ತಿ

"ಅಪ್ಪನ ಮನೆ ಅಡ ಇಡದೇ ಸಾಲ ಸಿಗುತ್ತಾ?"

ಸಿಗುತ್ತದೆ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 20 ಲಕ್ಷದವರೆಗಿನ (2026ರ ಏಪ್ರಿಲ್‌ಗೆ ಮುಂಚಿನ ಸಾಲಗಳಿಗೆ 10 ಲಕ್ಷ) ಸಾಲಕ್ಕೆ ಆಸ್ತಿ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನವೇ ಇದೆ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಶಿಶು ವಿಭಾಗಕ್ಕೆ 50,000, ಕಿಶೋರ್‌ಗೆ 5 ಲಕ್ಷ, ತರುಣ್‌ಗೆ 10 ಲಕ್ಷದವರೆಗೆ ಸಾಲ. ದೊಡ್ಡ ಮೊತ್ತಕ್ಕೆ, ಅಡಮಾನದ ಬದಲು, ಸಿಜಿಟಿಎಂಎಸ್‌ಇ ಎಂಬ ಟ್ರಸ್ಟಿನ ಖಾತರಿ ಉಂಟು. ಅದಕ್ಕೆ ಶುಲ್ಕವಿದೆ.

ಹೊಸ ಘಟಕಕ್ಕೆ ಕೇಂದ್ರ ಸರ್ಕಾರದ ಸಬ್ಸಿಡಿ ಸಾಲದ ಯೋಜನೆ ಪಿಎಂಇಜಿಪಿ ನೋಡಿ. ಅದಕ್ಕೆ 2025-26ರವರೆಗೆ ಮಂಜೂರಾತಿ ಇತ್ತು, ಈಗ ಮುಂದುವರಿದಿದೆಯೇ ವಿಚಾರಿಸಿಕೊಳ್ಳಿ. 2022ರಲ್ಲಿ ಪರಿಷ್ಕರಿಸಿದ ಪ್ರಕಾರ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನಾ ವೆಚ್ಚ. ಸಾಮಾನ್ಯ ವರ್ಗದವರಿಗೆ ನಗರದಲ್ಲಿ 15%, ಗ್ರಾಮೀಣದಲ್ಲಿ 25% ಸಹಾಯಧನ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರು, ಅಲ್ಪಸಂಖ್ಯಾತರು ಮುಂತಾದವರಿಗೆ 25% ಮತ್ತು 35%. ನಿಮ್ಮ ಕೈಯಿಂದ ಹಾಕಬೇಕಾದ್ದು ಸಾಮಾನ್ಯ ವರ್ಗಕ್ಕೆ 10%, ಉಳಿದವರಿಗೆ 5%. ತಿನ್ನುವ ಪದಾರ್ಥದ ಸಣ್ಣ ಘಟಕಕ್ಕೆ ಕೇಂದ್ರದ ಇನ್ನೊಂದು ಸಬ್ಸಿಡಿ ಯೋಜನೆ ಪಿಎಂಎಫ್‌ಎಂಇ; ಇದಕ್ಕೂ 2025-26ರವರೆಗೆ ಮಂಜೂರಾತಿ ಇತ್ತು, ಮುಂದುವರಿದಿದೆಯೇ ಕೇಳಿಕೊಳ್ಳಿ. ಅದರಲ್ಲಿ ಕೇಂದ್ರದ 35%ಕ್ಕೆ ಕರ್ನಾಟಕ ಸರ್ಕಾರ 15% ಸೇರಿಸಿ ಒಟ್ಟು 50%, ಗರಿಷ್ಠ 15 ಲಕ್ಷದವರೆಗೆ ಕೊಟ್ಟಿದೆ. ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ ಕೆಪೆಕ್ ಇದನ್ನು ನೋಡಿಕೊಳ್ಳುತ್ತದೆ.

ಸಬ್ಸಿಡಿ ನಿಮ್ಮ ಕೈಗೆ ಬರುವ ದುಡ್ಡಲ್ಲ ಎಂದು ಮನೆಯವರಿಗೆ ಮೊದಲೇ ಹೇಳಿಬಿಡಿ. ಪಿಎಂಇಜಿಪಿಯಲ್ಲಿ ಅದು ಬ್ಯಾಂಕಿನಲ್ಲಿ ಠೇವಣಿಯಾಗಿ 3 ವರ್ಷ ಕೂರುತ್ತದೆ, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಸಬ್ಸಿಡಿ ಕೊಡಿಸುತ್ತೇನೆಂದು ಕಮಿಷನ್ ಕೇಳುವ ದಲ್ಲಾಳಿಗಳನ್ನು ಹತ್ತಿರ ಸೇರಿಸಬೇಡಿ.

ಸಾಲಕ್ಕಿಂತ ಮುಂಚೆ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಇಂದು ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಊಟ ವಸತಿ ಸೇರಿ ಉಚಿತ. ಧಾರವಾಡದ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ ಸಿಡಾಕ್, ಆಹಾರ ತಯಾರಿಕೆಗೆ ಮೈಸೂರಿನ ಸಿಎಫ್‌ಟಿಆರ್‌ಐ ಕೂಡ ತರಬೇತಿ ಕೊಡುತ್ತವೆ. ಮಗ ಸುಮ್ಮನೆ ಹಠ ಮಾಡುತ್ತಿಲ್ಲ, ಕಲಿತು ಬಂದಿದ್ದಾನೆ ಎನ್ನುವುದು ಮನೆಯಲ್ಲಿ ತುಂಬ ಕೆಲಸ ಮಾಡುತ್ತದೆ.

"ಗಂಡನಿಗೆ ಇಷ್ಟ ಇಲ್ಲ. ಅವರ ಸಹಿ ಇಲ್ಲದೆ ನನಗೆ ಸಾಲ ಕೊಡ್ತಾರಾ? ನನ್ನ ಒಡವೆ ನಾನು ಇಡಬಹುದಾ?"

ಹೆಂಡತಿಯ ಸಾಲಕ್ಕೆ ಗಂಡನ ಸಹಿ ಬೇಕೇಬೇಕೆನ್ನುವ ಕಾನೂನು ಇಲ್ಲ. ಆದರೂ ಕೆಲವು ಶಾಖೆಗಳಲ್ಲಿ "ಯಜಮಾನರನ್ನ ಕರ್ಕೊಂಡು ಬನ್ನಿ" ಎನ್ನುತ್ತಾರೆ. ಯಾವ ನಿಯಮದ ಪ್ರಕಾರ ಎಂದು ಸಮಾಧಾನವಾಗಿ ಕೇಳಿ, ಅರ್ಜಿಗೆ ಸ್ವೀಕೃತಿ ಪಡೆಯಿರಿ, ಬೇಕಾದರೆ ಬೇರೆ ಶಾಖೆಗೆ ಹೋಗಿ. ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದಲ್ಲಿದ್ದರೆ ಸಂಘದ ಮೂಲಕ ಸಾಲ ಇನ್ನೂ ಸಲೀಸು. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆ 18ರಿಂದ 55 ವರ್ಷದೊಳಗಿನ ಮಹಿಳೆಯರಿಗೆ ಇದೆ, ಆದಾಯದ ಮಿತಿ ಉಂಟು. ಬೆಂಗಳೂರಿನಲ್ಲಿ 1983ರಿಂದ ಇರುವ ಮಹಿಳಾ ಉದ್ಯಮಿಗಳ ಸಂಘ ಅವೇಕ್‌ನಲ್ಲಿ ನಿಮ್ಮ ಪರಿಸ್ಥಿತಿ ದಾಟಿ ಬಂದ ಹೆಂಗಸರ ಜೊತೆಗೇ ಮಾತಾಡಬಹುದು.

ತವರಿನವರು, ಅತ್ತೆ ಮನೆಯವರು ನಿಮಗೆಂದು ಕೊಟ್ಟ ಒಡವೆ ಸ್ತ್ರೀಧನ. ಅದು ಪೂರ್ತಿ ನಿಮ್ಮದು, ಗಂಡನಿಗೆ ಅದರ ಮೇಲೆ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಇಡಬಹುದು. ನನ್ನ ಸಲಹೆ, ಇರುವುದನ್ನೆಲ್ಲ ಇಡಬೇಡಿ. ಒಂದು ಭಾಗವನ್ನು ಕಷ್ಟಕಾಲಕ್ಕೆಂದು ಮುಟ್ಟದೆ ಉಳಿಸಿಕೊಳ್ಳಿ.

ಇಷ್ಟ ಇಲ್ಲದಿರುವುದಕ್ಕೂ ಹಿಂಸೆಗೂ ವ್ಯತ್ಯಾಸವಿದೆ. ದುಡಿದ ಹಣ ಕಿತ್ತುಕೊಳ್ಳುವುದು, ಒಡವೆ ಬಚ್ಚಿಡುವುದು, ಮನೆ ಖರ್ಚಿಗೆ ಕೊಡದೆ ಸತಾಯಿಸುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯ. ಅಲ್ಲಿಗೆ ಮುಟ್ಟಿದ್ದರೆ ಉದ್ಯಮದ ಮಾತು ಆಮೇಲೆ. ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

"ಅಪ್ಪ ಕೊನೆಗೂ ಒಪ್ಪಿದ್ರು. ನಾನೇ ಜಾಮೀನು ಹಾಕ್ತೀನಿ ಅಂತಿದಾರೆ. ಹಾಕಿಸ್ಲಾ?"

ಬೇಡ. ಅಡಮಾನವಿಲ್ಲದೆ ಎಷ್ಟು ಸಿಗುತ್ತದೋ ಅಷ್ಟರಲ್ಲೇ ಶುರು ಮಾಡಿ, ಯಂತ್ರ ಚಿಕ್ಕದಾದರೂ ಪರವಾಗಿಲ್ಲ. ಜಾಮೀನು ಎಂದರೆ ಬರೀ ಸಾಕ್ಷಿ ಸಹಿ ಎಂದುಕೊಂಡಿರುವ ಹಿರಿಯರು ತುಂಬ ಜನ ಇದ್ದಾರೆ. 1872ರ ಕರಾರು ಕಾಯ್ದೆಯ 128ನೇ ಸೆಕ್ಷನ್ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ. ನೀವು ಕಟ್ಟದಿದ್ದರೆ ಬ್ಯಾಂಕ್ ನೇರವಾಗಿ ಅಪ್ಪನ ಬಳಿ ಹೋಗಬಹುದು. ಮನಸ್ಸು ಕರಗಿ ಸಹಿ ಹಾಕುವ ಅಪ್ಪನನ್ನು ತಡೆಯಬೇಕಾದವರು ನೀವೇ.

"ಪಿತ್ರಾರ್ಜಿತ ಆಸ್ತಿ ಇದೆ. ನನ್ನ ಪಾಲು ಕೊಟ್ಬಿಡಿ, ನನ್ನ ಪಾಡು ನಾನು ನೋಡ್ಕೋತೀನಿ ಅಂತ ಕೇಳ್ಲಾ?"

ಹಕ್ಕಿನ ಮಾತು ಮೊದಲು. ಅಪ್ಪ ಸ್ವಂತ ದುಡಿಮೆಯಿಂದ ಮಾಡಿದ ಆಸ್ತಿಯಾದರೆ ಅವರು ಬದುಕಿರುವಾಗ ನಿಮಗೆ ಪಾಲು ಕೇಳುವ ಹಕ್ಕಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತವಾದರೆ ಮಗ, ಮಗಳು ಇಬ್ಬರೂ ವಿಭಾಗ ಕೇಳಬಹುದು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಈ ಹಕ್ಕಿನ ಬಾಗಿಲು ತೆರೆದಿತ್ತು, 2005ರ ಕೇಂದ್ರ ತಿದ್ದುಪಡಿ ಅದನ್ನು ಮದುವೆಯಾದವರಿಗೂ ಪೂರ್ಣಗೊಳಿಸಿತು, 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನಷ್ಟು ಸ್ಪಷ್ಟಪಡಿಸಿತು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡುವಂತಿಲ್ಲ.

ಹಕ್ಕಿದ್ದರೂ ಉದ್ಯಮದ ಬಂಡವಾಳಕ್ಕೆಂದು ಪಾಲು ಕೇಳಬೇಡಿ ಎನ್ನುವುದೇ ನನ್ನ ಅಭಿಪ್ರಾಯ. ವಿಭಾಗದ ದಾವೆ ವರ್ಷಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ನಿಮ್ಮ ಉದ್ಯಮದ ಹುಮ್ಮಸ್ಸೂ ಕರಗಿರುತ್ತದೆ, ಅಣ್ಣತಮ್ಮಂದಿರ ನಡುವೆ ಮಾತೂ ನಿಂತಿರುತ್ತದೆ.

"ಸೋದರಮಾವ ಎರಡು ಲಕ್ಷ ಕೈಗಡ ಕೊಡ್ತಾರೆ. ನಮ್ಮೋರಲ್ವಾ, ಬರೆಯೋದು ಯಾಕೆ?"

ನಮ್ಮವರು ಅಂತಲೇ ಬರೆಯಬೇಕು. ಕೈಗಡವೋ, ಪಾಲುದಾರಿಕೆಯೋ, ಉಡುಗೊರೆಯೋ, ವಾಪಸ್ ಯಾವಾಗ ಎಂದು ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಣ ಬ್ಯಾಂಕ್ ಮೂಲಕವೇ ಬರಲಿ. 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಸಾಲವನ್ನು ನಗದಾಗಿ ತೆಗೆದುಕೊಳ್ಳುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ.

## ಶುರುವಾದ ಮೇಲೆ

"ಮನೇಲೇ ಮಸಾಲೆ ಪುಡಿ ಮಾಡ್ತಿದೀನಿ. ಘಾಟು, ಸದ್ದು, ಕರೆಂಟ್ ಬಿಲ್ಲು ಅಂತ ಅತ್ತೆ ದಿನಾ ಗೊಣಗ್ತಾರೆ."

ಅತ್ತೆಯ ದೂರಿನಲ್ಲಿ ಹುರುಳಿದೆ. ಬ್ಯಾಡಗಿ ಮೆಣಸಿನಕಾಯಿ ಹುರಿಯುವಾಗ ಏಳುವ ಘಾಟು ವಯಸ್ಸಾದವರಿಗೆ ಸಹಿಸಲು ಆಗುವುದಿಲ್ಲ. ಹುರಿಯುವ ಕೆಲಸಕ್ಕೆ ಹಿತ್ತಿಲಲ್ಲೋ ಬಾಡಿಗೆ ಕೋಣೆಯಲ್ಲೋ ಬೇರೆ ಜಾಗ ಮಾಡಿ, ಗಂಟೆ ಗೊತ್ತುಮಾಡಿ. ಮನೆಯ ಮೀಟರಿನಲ್ಲಿ ದೊಡ್ಡ ಮೋಟಾರು ಓಡಿಸಬೇಡಿ, ವಿದ್ಯುತ್ ಕಂಪನಿಯಲ್ಲಿ ಉದ್ಯಮಕ್ಕೆಂದೇ ಪ್ರತ್ಯೇಕ ಸಂಪರ್ಕ ಕೇಳಿ. ಬಿಲ್ಲು ಬೇರೆ ಬಂದರೆ ಆ ಜಗಳ ಅರ್ಧಕ್ಕರ್ಧ ಮುಗಿಯುತ್ತದೆ. ಮನೆಯ ಜಾಗ ಬಳಸುತ್ತಿದ್ದರೆ ಸಣ್ಣ ಮೊತ್ತವಾದರೂ ತಿಂಗಳಿಗೆ ಬಾಡಿಗೆ ಕೊಡಿ.

ಕಾಗದಪತ್ರ ಸರಿ ಇರಲಿ: ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನಿನಲ್ಲಿ ಉಚಿತ. ಆಹಾರ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ ನೋಂದಣಿ, ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ ಬೇಕು. ಪೊಟ್ಟಣದ ಮೇಲೆ ತೂಕ, ಬೆಲೆ, ತಯಾರಾದ ದಿನ, ನಿಮ್ಮ ವಿಳಾಸ ಕಡ್ಡಾಯ. ಸರಕು ಮಾರುವವರಿಗೆ ವಾರ್ಷಿಕ 40 ಲಕ್ಷ, ಸೇವೆಗೆ 20 ಲಕ್ಷ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯಕ್ಕೆ ಸರಕು ಮಾರಿದರೆ ಆ ವಿನಾಯಿತಿ ಇಲ್ಲ.

"ಎಷ್ಟು ದಿನ ಅಂತ ನಷ್ಟ ತಡ್ಕೊಳ್ಳೋದು? ಬಿಟ್ರೆ ಎಲ್ಲರೂ 'ನಾವು ಹೇಳಿರ್ಲಿಲ್ವಾ' ಅಂತಾರೆ."

ಆ ಮಾತಿಗೆ ಹೆದರಿ ಮುಳುಗುವ ವ್ಯಾಪಾರಕ್ಕೆ ಇನ್ನೆರಡು ಲಕ್ಷ ಸುರಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಅಪ್ಪನ ಕೈಗೆ ಕೊಟ್ಟ ಹಾಳೆಯಲ್ಲಿ ದಿನಾಂಕ ಮತ್ತು ಮೊತ್ತ ಇದೆಯಲ್ಲ, ಅದನ್ನೇ ಪಾಲಿಸಿ. ಮೂರು ಗೆರೆ ದಾಟಬಾರದು: ಮನೆ ಖರ್ಚಿನ ಖಾತೆಗೆ ಕೈ ಹಾಕುವುದು, ಹಳೇ ಸಾಲ ತೀರಿಸಲು ಮೀಟರ್ ಬಡ್ಡಿಗೆ ಹೊಸ ಸಾಲ, ಕೆಲಸಗಾರರ ಕೂಲಿ ಬಾಕಿ. ಇವುಗಳಲ್ಲಿ ಯಾವುದಾದರೂ ಒಂದು ಆಗುತ್ತಿದ್ದರೆ ನಿಲ್ಲಿಸಿ ಕುಳಿತು ಯೋಚಿಸುವ ಹೊತ್ತು ಬಂದಿದೆ. ಮುಚ್ಚುವಾಗ ಉದ್ರಿ ವಸೂಲಿ ಮಾಡಿ, ಸರಕು ಕೊಟ್ಟವರ ಬಾಕಿ ತೀರಿಸಿ, ನೋಂದಣಿಗಳನ್ನು ಕ್ರಮವಾಗಿ ರದ್ದು ಮಾಡಿಸಿ. ಹಾಗೆ ಮರ್ಯಾದೆಯಿಂದ ಮುಚ್ಚಿದವರಿಗೆ ಅದೇ ಪೇಟೆಯಲ್ಲಿ ಎರಡನೇ ಸಲ ಸರಕು ಸಿಗುತ್ತದೆ.

"ಎರಡು ಕಂತು ಕಟ್ಟಿಲ್ಲ. ಬ್ಯಾಂಕಿನವರು ಮನೆಗೆ ಬಂದ್ರೆ ಅಂತ ಅಮ್ಮ ಅಳ್ತಾ ಕೂತಿದಾರೆ."

ಅವರು ಬರುವ ಮೊದಲು ನೀವು ಹೋಗಿ. ಬಾಕಿ 90 ದಿನ ದಾಟಿದರೆ ಖಾತೆ ವಸೂಲಾಗದ ಸಾಲವಾಗುತ್ತದೆ. ಅದಕ್ಕೆ ಮುಂಚೆ ಕಂತಿನ ಅವಧಿ ಹೆಚ್ಚಿಸಿ ಕೊಡಿ ಎಂದು ಲಿಖಿತವಾಗಿ ಕೇಳಿದರೆ ಬ್ಯಾಂಕಿಗೂ ದಾರಿಗಳಿವೆ. ಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕೆಂದೇ 2015ರಲ್ಲಿ ಕೇಂದ್ರ ಸರ್ಕಾರ ಒಂದು ಚೌಕಟ್ಟು ಮಾಡಿದೆ. ಅದರಡಿ ಉದ್ಯಮಿಯೇ ಅರ್ಜಿ ಹಾಕಬಹುದು.

ಅಮ್ಮನಿಗೆ ಹೇಳಬೇಕಾದ್ದು: ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಿ ಪೀಡಿಸುವಂತಿಲ್ಲ. ಬೆದರಿಕೆ ಹಾಕುವಂತಿಲ್ಲ. ಮೈಕ್ರೋಫೈನಾನ್ಸ್ ಮತ್ತು ಲೇವಾದೇವಿದಾರರ ಕಿರುಕುಳದ ವಿರುದ್ಧ ಕರ್ನಾಟಕದಲ್ಲಿ 2025ರಲ್ಲಿ ಪ್ರತ್ಯೇಕ ಕಾನೂನೇ ಬಂದಿದೆ, ಪೊಲೀಸರಿಗೆ ದೂರು ಕೊಡಬಹುದು. ಕೃಷಿ ಜಮೀನನ್ನು, ಕೋರ್ಟಿಗೆ ಹೋಗದೆಯೇ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯಡಿ, ಬ್ಯಾಂಕ್ ತಾನಾಗಿ ವಶಕ್ಕೆ ತೆಗೆದುಕೊಳ್ಳುವಂತಿಲ್ಲ. ಸಾಲ ತಪ್ಪುವುದಿಲ್ಲ, ತೀರಿಸಲೇಬೇಕು. ಆದರೆ ಅದಕ್ಕಾಗಿ ಪ್ರಾಣ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಅಂಥ ಯೋಚನೆ ಯಾರಿಗಾದರೂ ಬರುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

"ಶುರು ಮಾಡುವಾಗ ಬೈದ ಅಣ್ಣ, ಈಗ ಇದು ಮನೆತನದ ವ್ಯವಹಾರ, ನನಗೂ ಪಾಲಿದೆ ಅಂತಿದಾನೆ."

ಒಬ್ಬ ಸದಸ್ಯ ನಡೆಸುವ ವ್ಯಾಪಾರವನ್ನು ಕೋರ್ಟು ತಾನಾಗಿಯೇ ಅವಿಭಕ್ತ ಕುಟುಂಬದ್ದೆಂದು ಊಹಿಸುವುದಿಲ್ಲ. ಹಾಗೆಂದು ಹೇಳುವವರು ಅದನ್ನು ಸಾಬೀತು ಮಾಡಬೇಕು. ಕುಟುಂಬದ ಆಸ್ತಿ ಅಥವಾ ಹಣದಿಂದ ಶುರುವಾಗಿದೆ ಎಂದು ತೋರಿಸಿದರೆ ಚಿತ್ರ ಬದಲಾಗುತ್ತದೆ. ಅದಕ್ಕೇ ಮೊದಲ ದಿನದಿಂದ ಉದ್ಯಮಕ್ಕೆ ಬೇರೆ ಬ್ಯಾಂಕ್ ಖಾತೆ ಇರಬೇಕು, ಬಂಡವಾಳ ನಿಮ್ಮ ಸಂಬಳದಿಂದಲೋ ಸಾಲದಿಂದಲೋ ಬಂದದ್ದು ಪಾಸ್‌ಬುಕ್ಕಿನಲ್ಲಿ ಕಾಣಬೇಕು.

ಅಣ್ಣ ನಿಜಕ್ಕೂ ದುಡಿಯಲು ಬರುವುದಾದರೆ ಮೊದಲು ಸಂಬಳಕ್ಕೆ ಸೇರಿಸಿಕೊಳ್ಳಿ. ಪಾಲುದಾರಿಕೆಯಲ್ಲಿ ಒಬ್ಬ ಪಾಲುದಾರ ಸಂಸ್ಥೆಯ ಹೆಸರಲ್ಲಿ ಮಾಡಿದ ಸಾಲಕ್ಕೆ ಎಲ್ಲರೂ ಹೊಣೆ. ಕೊನೆಗೆ ಪಾಲುದಾರಿಕೆಗೇ ಹೋಗುವುದಾದರೆ ಪತ್ರ ಬರೆಸಿ, ನೋಂದಣಿ ಮಾಡಿಸಿ. ನೋಂದಣಿಯಿಲ್ಲದ ಸಂಸ್ಥೆ ಬಾಕಿದಾರರ ಮೇಲೆ ದಾವೆ ಹೂಡುವುದಕ್ಕೂ ಕಾನೂನಿನ ಅಡ್ಡಿ ಇದೆ.

"ಬೇಡ ಅಂತಿದ್ದ ಅಮ್ಮನೇ ಈಗ ದಿನಾ ಪ್ಯಾಕಿಂಗ್‌ಗೆ ಕೂರ್ತಾರೆ. ದುಡ್ಡು ಕೊಡಕ್ಕೆ ಹೋದ್ರೆ ಬೇಜಾರ್ ಮಾಡ್ಕೋತಾರೆ. ಏನ್ ಮಾಡ್ಲಿ?"

ಕೈಗೆ ಕೊಡಬೇಡಿ. ಅಮ್ಮನ ಹೆಸರಲ್ಲಿ ಅವರೊಬ್ಬರದೇ ಬ್ಯಾಂಕ್ ಖಾತೆ ಮಾಡಿಸಿ, ಬೇರೆಯವರಿಗೆ ಆ ಕೆಲಸಕ್ಕೆ ಎಷ್ಟು ಕೊಡುತ್ತೀರೋ ಅಷ್ಟನ್ನು ಪ್ರತಿ ತಿಂಗಳೂ ಅದಕ್ಕೆ ಹಾಕಿ. ಪಾಸ್‌ಬುಕ್ ಅವರ ಹತ್ತಿರವೇ ಇರಲಿ. ಕೆಲಸಕ್ಕೆ ತಕ್ಕ ಸಂಬಳವಾದರೆ ನಿಮ್ಮ ಲೆಕ್ಕದಲ್ಲೂ ಅದು ನ್ಯಾಯವಾದ ಖರ್ಚು. ಅದನ್ನು ಸೇರಿಸದೆ ಲಾಭ ಹೇಳಿದರೆ ಆ ಲಾಭ ಸುಳ್ಳು, ಅಮ್ಮನಿಗೆ ಹುಷಾರಿಲ್ಲದ ತಿಂಗಳು ಗೊತ್ತಾಗುತ್ತದೆ. ವಾರಕ್ಕೊಂದು ದಿನ ರಜೆ ಕೊಡಿ, ಕೂರಲು ಬೆನ್ನಿಗೆ ಆಸರೆಯಿರುವ ಕುರ್ಚಿ ಕೊಡಿ.